ಮನೆಯ ನೀರಿಗೊಂದು ಲೆಕ್ಕದ ಪುಸ್ತಕ: ಮೀಟರ್, ಸಂಪು ಮತ್ತು ಸ್ಪ್ರೆಡ್‌ಶೀಟ್

ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಪಂಪುಗಳ ನೆರವಿನಿಂದ ಹಂತ ಹಂತವಾಗಿ ಮೇಲೇರಿ ಬರುತ್ತದೆ. ಅಷ್ಟು ವಿದ್ಯುತ್ತು ಸುರಿದು ತಂದ ನೀರು ನಮ್ಮ ಗೇಟಿನ ಬಳಿಯ ಮೀಟರನ್ನು ದಾಟಿ ಸಂಪಿಗೆ ಬಿದ್ದ ಮೇಲೆ ಯಾವ ಯಾವ ದಾರಿ ಹಿಡಿಯುತ್ತದೆ ಎಂಬುದು ಹೆಚ್ಚಿನ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಬರುವ ಬಿಲ್ಲು ಒಟ್ಟು ಎಷ್ಟು ಎಂದು ಹೇಳುತ್ತದೆಯೇ ಹೊರತು ಎಲ್ಲಿ, ಯಾವಾಗ, ಏಕೆ ಎಂದು ಹೇಳುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಘೋಷಿಸಿದಾಗ, ನಮ್ಮ ಮನೆಯಲ್ಲೂ ನೀರು ಉಳಿಸಬೇಕು ಎಂಬ ಮಾತು ಬಂತು. ಆದರೆ ದಿನಕ್ಕೆ ಎಷ್ಟು ಬಳಸುತ್ತಿದ್ದೇವೆ ಎಂಬ ಸರಳ ಪ್ರಶ್ನೆಗೆ ನಾಲ್ವರಲ್ಲಿ ಒಬ್ಬರ ಬಳಿಯೂ ಉತ್ತರವಿರಲಿಲ್ಲ. ಆ ಉತ್ತರವನ್ನು ಮನೆಯ ಕಂಪ್ಯೂಟರಿನಲ್ಲಿ ಹುಡುಕಿಕೊಂಡ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದಕ್ಕೆ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಬೇಕಿಲ್ಲ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್, ಅಂದರೆ ಸಾಲು ಮತ್ತು ಕಾಲಮ್ಮುಗಳಿರುವ ಲೆಕ್ಕದ ಹಾಳೆ, ಸಾಕು. ಎಕ್ಸೆಲ್ ಇದ್ದವರು ಅದರಲ್ಲೇ ಮಾಡಬಹುದು. ಇದರ ಜೊತೆಗೆ ಅಳತೆ ಗುರುತಿರುವ ಒಂದು ಬಕೆಟ್ಟು, ಒಂದು ಟೇಪು, ಒಂದು ಪಿವಿಸಿ ಪೈಪು ಮತ್ತು ಸೆಕೆಂಡು ತೋರಿಸುವ ಗಡಿಯಾರ ಬೇಕು.

ಮೀಟರ್ ಓದುವುದು, ಅದರ ಮಿತಿಯನ್ನು ಅರಿಯುವುದು

ನೀರಿನ ಮೀಟರ್ ಘನ ಮೀಟರುಗಳಲ್ಲಿ ಎಣಿಸುತ್ತದೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್, ಅಂದರೆ ಬಿಲ್ಲಿನಲ್ಲಿ ಕಾಣುವ ಒಂದು ಕಿಲೋಲೀಟರ್. ಸಾಮಾನ್ಯ ಮೀಟರಿನಲ್ಲಿ ಕಪ್ಪು ಅಂಕಿಗಳು ಪೂರ್ಣ ಕಿಲೋಲೀಟರುಗಳನ್ನೂ ಕೆಂಪು ಅಂಕಿಗಳು ಅಥವಾ ಸಣ್ಣ ಕೆಂಪು ಮುಳ್ಳುಗಳು ಅದರ ದಶಾಂಶಗಳನ್ನೂ ತೋರಿಸುತ್ತವೆ. ಬಿಲ್ಲಿಗೆ ಕಪ್ಪು ಅಂಕಿಗಳು ಸಾಕು, ನಮ್ಮ ಲೆಕ್ಕಕ್ಕೆ ಕೆಂಪು ಅಂಕಿಗಳೇ ಮುಖ್ಯ. ನಡುವೆ ಸಣ್ಣ ನಕ್ಷತ್ರದಂತೆಯೋ ತ್ರಿಕೋನದಂತೆಯೋ ಇರುವ ಚಕ್ರವೊಂದು ಅತಿ ಸಣ್ಣ ಹರಿವಿಗೂ ತಿರುಗುತ್ತದೆ. ನೀರು ದಿನವಿಡೀ ಬರುವ ಊರುಗಳಲ್ಲಿ, ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ಆ ಚಕ್ರ ತಿರುಗುತ್ತಿದ್ದರೆ ಸೋರಿಕೆ ಇದೆ ಎಂದು ಅಲ್ಲೇ ತಿಳಿಯುತ್ತದೆ.

ಬೆಂಗಳೂರಿನಂತಹ ಊರುಗಳಲ್ಲಿ ಆ ಸುಲಭ ಉಪಾಯ ನಡೆಯುವುದಿಲ್ಲ. ದಿನ ಬಿಟ್ಟು ದಿನ ಕೆಲವು ಗಂಟೆ ನೀರು ಬಿಡುತ್ತಾರೆ, ಅದು ಸಂಪು ತುಂಬುತ್ತದೆ, ಮೋಟಾರು ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ, ನಲ್ಲಿಗೆ ಬರುವುದು ಟ್ಯಾಂಕಿನ ನೀರು. ಆದ್ದರಿಂದ ಮೀಟರ್ ಎಣಿಸುವುದು ಸಂಪಿಗೆ ಬಂದ ನೀರನ್ನು, ನಾವು ಬಳಸಿದ ನೀರನ್ನಲ್ಲ. ನೀರು ಬಂದ ದಿನ 2,000 ಲೀಟರ್, ಬಾರದ ದಿನ ಸೊನ್ನೆ ಎಂದು ಓದುವ ಮೀಟರನ್ನು ನೋಡಿ ಬಳಕೆಯನ್ನು ಊಹಿಸಲು ಹೊರಟರೆ ದಿಕ್ಕು ತಪ್ಪುತ್ತೇವೆ. ಮೊದಲ ತಿಂಗಳು ನಾನು ಮೀಟರನ್ನಷ್ಟೇ ಬರೆದಿಟ್ಟು, ಕೊನೆಗೆ ಯಾವ ತೀರ್ಮಾನಕ್ಕೂ ಬರಲಾಗದೆ ಆ ಹಾಳೆಯನ್ನು ಅಳಿಸಬೇಕಾಯಿತು. ಬಳಕೆ ತಿಳಿಯಬೇಕಾದರೆ ಬಂದ ನೀರಿನ ಜೊತೆಗೆ ಉಳಿದ ನೀರನ್ನೂ ಅಳೆಯಬೇಕು: ಮೊದಲಿದ್ದದ್ದಕ್ಕೆ ಬಂದದ್ದನ್ನು ಕೂಡಿಸಿ, ಈಗ ಇರುವುದನ್ನು ಕಳೆದರೆ ಬಳಸಿದ್ದು ಸಿಗುತ್ತದೆ. ಅಂಗಡಿಯವರು ದಾಸ್ತಾನಿನ ಲೆಕ್ಕ ಇಡುವುದು ಹೀಗೆಯೇ.

ಸೆಂಟಿಮೀಟರನ್ನು ಲೀಟರಿಗೆ ತರುವುದು

ಸಂಪಿನ ಒಳಗಿನ ಉದ್ದ ಮತ್ತು ಅಗಲ ಗೊತ್ತಿದ್ದರೆ ಒಂದು ಸೆಂಟಿಮೀಟರ್ ನೀರಿಗೆ ಎಷ್ಟು ಲೀಟರ್ ಎಂಬುದನ್ನು ಒಂದೇ ಗುಣಾಕಾರದಲ್ಲಿ ತಿಳಿಯಬಹುದು. ಉದ್ದ ಮತ್ತು ಅಗಲವನ್ನು ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 10ರಿಂದ ಗುಣಿಸಿ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಪ್ರತಿ ಸೆಂಟಿಮೀಟರಿಗೆ 40 ಲೀಟರ್ ನೀರಿರುತ್ತದೆ. ದುಂಡನೆಯ ಟ್ಯಾಂಕಾದರೆ ತ್ರಿಜ್ಯದ ವರ್ಗವನ್ನು 3.14ರಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಬೇಕು, 1.1 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಸೆಂಟಿಮೀಟರಿಗೆ ಸುಮಾರು 9.5 ಲೀಟರ್. ಮೇಲ್ಭಾಗ ಕಿರಿದಾಗುವ ಟ್ಯಾಂಕುಗಳಲ್ಲಿ ಈ ಲೆಕ್ಕ ನೇರವಾದ ಗೋಡೆಯಿರುವಷ್ಟು ಭಾಗಕ್ಕೆ ಮಾತ್ರ ಸರಿಹೊಂದುತ್ತದೆ.

ಅಳೆಯಲು ಬಿಳಿ ಪಿವಿಸಿ ಪೈಪಿನ ಮೇಲೆ ಅಳಿಸಿಹೋಗದ ಶಾಯಿಯಲ್ಲಿ ಪ್ರತಿ ಸೆಂಟಿಮೀಟರಿಗೆ ಗೆರೆ, ಪ್ರತಿ ಹತ್ತಕ್ಕೆ ಅಂಕಿ ಬರೆದುಕೊಳ್ಳಿ. ಸಂಪಿನಲ್ಲಿ ಮುಳುಗಿರುವ ಮೋಟಾರಿದ್ದರೆ ಅದರ ಸ್ವಿಚ್ಚನ್ನು ಆರಿಸಿಯೇ ಪೈಪನ್ನು ಇಳಿಬಿಡಬೇಕು, ಕಬ್ಬಿಣದ ಸರಳನ್ನು ಬಳಸಲೇಬಾರದು. ಅಳತೆಗಾಗಿ ಯಾರೂ ಸಂಪಿನೊಳಗೆ ಇಳಿಯಬಾರದು, ಮತ್ತು ಅಳೆದ ಮರುಕ್ಷಣವೇ ಮುಚ್ಚಳ ಹಾಕಬೇಕು. ಮಕ್ಕಳಿರುವ ಮನೆಯಲ್ಲಿ ತೆರೆದ ಸಂಪಿಗಿಂತ ದೊಡ್ಡ ಅಪಾಯವಿಲ್ಲ, ಆದ್ದರಿಂದ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ದಿನವೂ ತಾರಸಿ ಹತ್ತಿ ಟ್ಯಾಂಕು ಅಳೆಯುವುದು ಕಷ್ಟ. ಅದಕ್ಕೊಂದು ಸುಲಭ ದಾರಿಯಿದೆ. ಲೆಕ್ಕ ಬರೆಯುವ ಮುನ್ನ ಮೋಟಾರು ಹಾಕಿ ಟ್ಯಾಂಕನ್ನು ತುಂಬಿಸಿಕೊಂಡು, ಆಮೇಲೆ ಸಂಪನ್ನು ಅಳೆಯಿರಿ. ಪ್ರತಿ ಸಲವೂ ಟ್ಯಾಂಕು ತುಂಬಿಯೇ ಇರುವುದರಿಂದ ಅದರ ಅಂಕಿ ಬದಲಾಗುವುದಿಲ್ಲ, ಸಂಪಿನ ಅಂಕಿಯೊಂದೇ ಸಾಕಾಗುತ್ತದೆ.

ಟ್ಯಾಂಕರಿನ ನೀರು ಕೊಳ್ಳುವವರಿಗೆ ಇದೇ ಪೈಪು ಇನ್ನೊಂದು ಉಪಕಾರ ಮಾಡುತ್ತದೆ. 6,000 ಲೀಟರ್ ಎಂದು ಹೇಳಿ ಸುರಿದ ನೀರು ಮೇಲೆ ಹೇಳಿದ ಸಂಪಿನಲ್ಲಿ 150 ಸೆಂಟಿಮೀಟರ್ ಏರಬೇಕು. 125 ಸೆಂಟಿಮೀಟರ್ ಏರಿದ್ದರೆ ಬಂದದ್ದು 5,000 ಲೀಟರ್. ಹಾಳೆಯಲ್ಲಿ ಬರೆಯಬೇಕಾದದ್ದು ಅಳೆದ ಅಂಕಿ, ರಸೀದಿಯಲ್ಲಿರುವುದಲ್ಲ. ಬೋರ್‌ವೆಲ್ಲಿಗೆ ಮೀಟರ್ ಇಲ್ಲದಿದ್ದರೆ ಹತ್ತು ನಿಮಿಷ ಓಡಿಸಿ ಸಂಪು ಎಷ್ಟು ಏರಿತು ಎಂದು ನೋಡಿ. ಐದು ಸೆಂಟಿಮೀಟರ್ ಏರಿದ್ದರೆ 200 ಲೀಟರ್, ಅಂದರೆ ನಿಮಿಷಕ್ಕೆ 20 ಲೀಟರ್. ಮುಂದೆ ಬೋರ್ ಓಡಿದ ನಿಮಿಷಗಳನ್ನು ಬರೆದಿಟ್ಟರೆ ಸಾಕು. ಬೇಸಿಗೆಯಲ್ಲಿ ಇಳುವರಿ ಇಳಿಯುವುದರಿಂದ ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು.

ಹಾಳೆಯನ್ನು ಕಟ್ಟುವುದು

ಹೊಸ ಹಾಳೆ ತೆರೆದು ಮೊದಲ ಸಾಲಿನಲ್ಲಿ ಶೀರ್ಷಿಕೆಗಳನ್ನು ಬರೆಯಿರಿ. ಎ ಕಾಲಮ್ಮಿನಲ್ಲಿ ದಿನಾಂಕ, ಬಿಯಲ್ಲಿ ಮೀಟರ್, ಸಿಯಲ್ಲಿ ಸಂಪಿನ ನೀರಿನ ಆಳ, ಡಿಯಲ್ಲಿ ಟ್ಯಾಂಕಿನ ಆಳ, ಇಯಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ಲಿನಿಂದ ಬಂದ ಲೀಟರ್, ಎಫ್‌ನಲ್ಲಿ ಮನೆಯಲ್ಲಿದ್ದ ಜನ, ಜಿಯಲ್ಲಿ ಒಟ್ಟು ಬಳಕೆ, ಎಚ್‌ನಲ್ಲಿ ತಲಾ ದಿನದ ಬಳಕೆ, ಐಯಲ್ಲಿ ಟಿಪ್ಪಣಿ. ಬದಿಯಲ್ಲಿ, ಎಲ್1 ಕೋಶದಲ್ಲಿ ಸಂಪಿನ ಸೆಂಟಿಮೀಟರಿಗೆ ಬರುವ ಲೀಟರನ್ನೂ ಎಲ್2ರಲ್ಲಿ ಟ್ಯಾಂಕಿನದನ್ನೂ ಇಡಿ. ಎರಡನೆಯ ಸಾಲಿನಲ್ಲಿ ಮೊದಲ ದಿನದ ಅಳತೆಗಳು ಬರುತ್ತವೆ, ಲೆಕ್ಕ ಶುರುವಾಗುವುದು ಮೂರನೆಯ ಸಾಲಿನಿಂದ. ಜಿ3 ಕೋಶಕ್ಕೆ ಈ ಸೂತ್ರ ಬರಬೇಕು:

=(ಬಿ3-ಬಿ2)*1000+(ಸಿ2-ಸಿ3)*$ಎಲ್$1+(ಡಿ2-ಡಿ3)*$ಎಲ್$2+ಇ3

ಎಚ್3 ಕೋಶಕ್ಕೆ ಇದು:

=ಜಿ3/(ಎಫ್3*(ಎ3-ಎ2))

ಕಾಲಮ್ಮಿನ ಅಕ್ಷರಗಳನ್ನು ಕೀಲಿಮಣೆಯಲ್ಲಿ ಇಂಗ್ಲಿಷಿನಲ್ಲೇ ಒತ್ತಬೇಕು, ಶೀರ್ಷಿಕೆ ಮತ್ತು ಟಿಪ್ಪಣಿಗಳು ಕನ್ನಡದಲ್ಲಿರಬಹುದು. ಬಿ ಮತ್ತು ಸಿಯಲ್ಲಿ ಕಳೆಯುವ ಕ್ರಮ ಬೇರೆ ಬೇರೆಯಾಗಿರುವುದನ್ನು ಗಮನಿಸಿ: ಮೀಟರ್ ಏರುತ್ತಲೇ ಹೋಗುತ್ತದೆ, ಆದ್ದರಿಂದ ಹೊಸದರಿಂದ ಹಳೆಯದನ್ನು ಕಳೆಯುತ್ತೇವೆ, ಸಂಪಿನ ನೀರು ಇಳಿದಷ್ಟೂ ಬಳಕೆಯಾಗಿದೆ ಎಂದರ್ಥ, ಆದ್ದರಿಂದ ಅಲ್ಲಿ ಹಳೆಯದರಿಂದ ಹೊಸದನ್ನು ಕಳೆಯುತ್ತೇವೆ. ಡಾಲರ್ ಚಿಹ್ನೆ ಇರುವುದರಿಂದ ಸೂತ್ರವನ್ನು ಕೆಳಗೆ ಎಳೆದು ನಕಲಿಸಿದಾಗ ಎಲ್1 ಮತ್ತು ಎಲ್2 ಸ್ಥಾನ ಬದಲಿಸದೆ ಉಳಿಯುತ್ತವೆ.

ಟ್ಯಾಂಕನ್ನು ತುಂಬಿಸಿಕೊಳ್ಳದೆ ಅದನ್ನೂ ಅಳೆದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಾನುವಾರ ಬೆಳಿಗ್ಗೆ ಏಳಕ್ಕೆ ಮೀಟರ್ 412.350, ಸಂಪು 96 ಸೆಂಟಿಮೀಟರ್, ಟ್ಯಾಂಕು 70. ಬುಧವಾರ ಅದೇ ಹೊತ್ತಿಗೆ ಮೀಟರ್ 413.610, ಸಂಪು 88, ಟ್ಯಾಂಕು 62. ಮೀಟರಿನಿಂದ 1,260 ಲೀಟರ್, ಸಂಪಿನಿಂದ 320, ಟ್ಯಾಂಕಿನಿಂದ 76, ಒಟ್ಟು 1,656 ಲೀಟರ್. ನಾಲ್ಕು ಜನ, ಮೂರು ದಿನ. ತಲಾ ದಿನಕ್ಕೆ 138 ಲೀಟರ್.

ಅಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಈ ಸಂಪಿನಲ್ಲಿ 40 ಲೀಟರ್ ತಪ್ಪುತ್ತದೆ. ಒಂದೇ ದಿನದ ಲೆಕ್ಕದಲ್ಲಿ ಅದು ನಾಲ್ಕು ಜನರ ಮನೆಗೆ ತಲಾ 10 ಲೀಟರಿನ ತಪ್ಪು; ಏಳು ದಿನದ ಲೆಕ್ಕದಲ್ಲಿ ತಲಾ ಒಂದೂವರೆ ಲೀಟರಿಗಿಂತ ಕಡಿಮೆ. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಬರೆದರೂ ತೀರ್ಮಾನವನ್ನು ವಾರದ ಅಂಕಿಯ ಮೇಲೆ ಮಾಡಿ. ಹೊತ್ತು ಮಾತ್ರ ಬದಲಾಗಬಾರದು. ಬೆಳಗಿನ ಸ್ನಾನ, ಬಟ್ಟೆ ಎಲ್ಲ ಮುಗಿದ ಮೇಲೆ ಒಂದು ಸಲ, ಅದಕ್ಕೂ ಮೊದಲು ಇನ್ನೊಂದು ಸಲ ಅಳೆದರೆ ಮೂರು ದಿನದ ಲೆಕ್ಕಕ್ಕೆ ನಾಲ್ಕನೆಯ ದಿನದ ನೀರು ಸೇರಿಕೊಳ್ಳುತ್ತದೆ.

ಇಲ್ಲಿ ಹಲವರನ್ನು ಕಾಡುವ ತೊಂದರೆ ದಿನಾಂಕದ್ದು. ತಂತ್ರಾಂಶ ಅಮೆರಿಕದ ಪದ್ಧತಿಯಲ್ಲಿದ್ದರೆ 05/06 ಎಂದು ಬರೆದ ಜೂನ್ ಐದನ್ನು ಮೇ ಆರು ಎಂದು ಓದುತ್ತದೆ, ದಿನಗಳ ಅಂತರ ತಪ್ಪಿ ತಲಾ ಬಳಕೆ ವಿಚಿತ್ರವಾಗಿ ಬರುತ್ತದೆ. ಭಾಷೆಯ ಆಯ್ಕೆಗಳಲ್ಲಿ ಪ್ರದೇಶವನ್ನು ಭಾರತ ಎಂದು ಬದಲಿಸಿ. ಸಂಖ್ಯೆಗಳನ್ನು 0ಯಿಂದ 9ರ ಅಂಕಿಗಳಲ್ಲೇ ಬರೆಯಿರಿ, ಕೋಶದೊಳಗೆ ‘ಲೀಟರ್’ ಎಂಬ ಪದವನ್ನು ಸೇರಿಸಬೇಡಿ. ಸೇರಿಸಿದರೆ ಅದು ಸಂಖ್ಯೆಯಾಗಿ ಉಳಿಯದೆ ಪಠ್ಯವಾಗುತ್ತದೆ. ಸಂಖ್ಯೆ ಕೋಶದ ಬಲಕ್ಕೂ ಪಠ್ಯ ಎಡಕ್ಕೂ ಅಂಟಿಕೊಳ್ಳುವುದರಿಂದ ಎಲ್ಲಿ ತಪ್ಪಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಸೋರಿಕೆಯನ್ನು ರಾತ್ರಿ ಹುಡುಕಬೇಕು

ನೀರು ಉಳಿಸಲು ಹೊರಡುವ ಮೊದಲು ಸೋರಿಕೆಯನ್ನು ಹುಡುಕಿ ಎಂಬುದು ನನ್ನ ಒತ್ತಾಯ. ಮಕ್ಕಳಿಗೆ ಬೇಗ ಸ್ನಾನ ಮುಗಿಸಿ ಎಂದು ಹೇಳುವ ಮನೆಯಲ್ಲಿ ಫ್ಲಶ್ ಟ್ಯಾಂಕು ಇಡೀ ರಾತ್ರಿ ಸೋರುತ್ತಿದ್ದರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ.

ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗುವ ಮುನ್ನ ಮೋಟಾರಿನ ಸ್ವಿಚ್ಚು ಆರಿಸಿ, ಮೇಲಿನ ಟ್ಯಾಂಕನ್ನು ಅಳೆಯಿರಿ. ಬೆಳಗಿನ ಐದಕ್ಕೆ, ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ಅಳೆಯಿರಿ. ನಡುವೆ ಯಾರಾದರೂ ಎದ್ದು ಶೌಚಾಲಯ ಬಳಸಿದ್ದರೆ ಅದನ್ನು ಕಳೆಯಿರಿ. ಆ ಆರು ಗಂಟೆಗಳಲ್ಲಿ ನಮ್ಮ ಟ್ಯಾಂಕು ಎರಡು ಸೆಂಟಿಮೀಟರ್ ಇಳಿದಿತ್ತು, ಅಂದರೆ ಸುಮಾರು 19 ಲೀಟರ್. ದಿನಕ್ಕೆ 76 ಲೀಟರ್, ತಿಂಗಳಿಗೆ 2,280. ಯಾವ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ, ಗೋಡೆ ಎಲ್ಲೂ ಒದ್ದೆಯಾಗಿರಲಿಲ್ಲ. ಮೂರು ಶೌಚಾಲಯಗಳ ಫ್ಲಶ್ ಟ್ಯಾಂಕುಗಳಿಗೆ ಅಡುಗೆಗೆ ಬಳಸುವ ಬಣ್ಣವನ್ನು ಒಂದೊಂದು ಚಮಚ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟೆವು. ಮಹಡಿಯ ಮೇಲಿನ, ಅತಿಥಿಗಳಿಗೆಂದು ಇಟ್ಟ ಶೌಚಾಲಯದ ಬೋಗುಣಿಯಲ್ಲಿ ಕೆಂಪು ಎಳೆಯೊಂದು ಕೂದಲಿನಷ್ಟು ಸಣ್ಣಗೆ ಇಳಿಯುತ್ತಿತ್ತು. ಒಳಗಿನ ರಬ್ಬರ್ ಬಿಲ್ಲೆ ಗಡಸಾಗಿ ಅಂಚು ಸೀಳಿತ್ತು. ವಾರಕ್ಕೊಮ್ಮೆಯೂ ಬಳಸದ ಕೋಣೆಯಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿಲ್ಲೆ ಬದಲಿಸಿದ ಮರುದಿನ ರಾತ್ರಿ ಟ್ಯಾಂಕಿನ ಅಂಕಿ ಅಲುಗಲಿಲ್ಲ.

ಸಂಪಿನ ಪರೀಕ್ಷೆ ಬೇರೆ. ನೀರು ಬಾರದ ದಿನ, ಟ್ಯಾಂಕು ತುಂಬಿಸಿಕೊಂಡು ಮೋಟಾರು ಹಾಕದೆ 12 ಗಂಟೆ ಸಂಪನ್ನು ಹಾಗೆಯೇ ಬಿಟ್ಟು ಅಳೆಯಿರಿ. ಇಳಿದಿದ್ದರೆ ಗೋಡೆಯಲ್ಲೋ ತಳದಲ್ಲೋ ಬಿರುಕಿದೆ; ನೀರು ಹೊರಹೋಗುವ ಬಿರುಕಿನಲ್ಲಿ ಮಳೆಗಾಲದ ಕೊಳಕು ಒಳಬರುವುದೂ ಸಾಧ್ಯವಿರುವುದರಿಂದ ಅದನ್ನು ತಡಮಾಡದೆ ಸರಿಪಡಿಸಬೇಕು.

ಮೂರನೆಯ ಜಾಗ ಮೀಟರ್ ಮತ್ತು ಸಂಪಿನ ನಡುವಿನ ಪೈಪು. ನೀರು ಬಿಡುವ ಮುನ್ನ ಮತ್ತು ನಿಂತ ಮೇಲೆ ಮೀಟರನ್ನೂ ಸಂಪನ್ನೂ ಓದಿ, ಮೋಟಾರು ಹಾಕದಿರುವಾಗ ಇವೆರಡರ ಲೀಟರ್ ಹೊಂದಬೇಕು. ಹೊಂದದಿದ್ದರೆ ನೆಲದಡಿಯ ಪೈಪು ಸೋರುತ್ತಿರಬಹುದು, ಇಲ್ಲವೇ ನೀರಿಗೆ ಮುಂಚೆ ಪೈಪಿನಲ್ಲಿದ್ದ ಗಾಳಿ ಮೀಟರನ್ನು ತಿರುಗಿಸುತ್ತಿರಬಹುದು. ನಾಲ್ಕೈದು ಸಲದ ದಾಖಲೆ ಹಾಳೆಯಲ್ಲಿದ್ದರೆ ಜಲಮಂಡಳಿಯ ಉಪವಿಭಾಗದಲ್ಲಿ ಮೀಟರ್ ಪರೀಕ್ಷೆಗೆ ಕೇಳಿಕೊಳ್ಳುವಾಗ ನಮ್ಮ ಮಾತಿಗೆ ಆಧಾರವಿರುತ್ತದೆ.

ಎಲ್ಲಿ ಖರ್ಚಾಗುತ್ತಿದೆ ಎಂಬ ಎರಡನೆಯ ಹಾಳೆ

ಕಟ್ಟಡಗಳ ನೀರಿನ ಅಗತ್ಯದ ಬಗೆಗಿನ ಭಾರತೀಯ ಮಾನಕ 1172, ತಲಾ ದಿನಕ್ಕೆ 135 ಲೀಟರ್ ಎಂಬ ಅಳತೆಯನ್ನು ಹೀಗೆ ಹಂಚುತ್ತದೆ: ಸ್ನಾನಕ್ಕೆ 55, ಶೌಚಾಲಯದ ಫ್ಲಶ್ಶಿಗೆ 30, ಬಟ್ಟೆಗೆ 20, ಪಾತ್ರೆಗೆ 10, ಮನೆ ತೊಳೆಯಲು 10, ಅಡುಗೆಗೆ 5, ಕುಡಿಯಲು 5. ಇದನ್ನು ಗುರಿ ಎಂದು ನಾನು ಭಾವಿಸುವುದಿಲ್ಲ, ಇದಕ್ಕಿಂತ ಕಡಿಮೆಯಲ್ಲಿ ಚೆನ್ನಾಗಿ ಬದುಕಬಹುದು. ಆದರೆ ನಮ್ಮ ಮನೆಯ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಲು ಇದು ಒಳ್ಳೆಯ ಕನ್ನಡಿ.

ಹೊಸ ಹಾಳೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಾಲು ಮಾಡಿ, ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ನಿಮಿಷ ಎಂದು ಬರೆದು ಗುಣಿಸಿ. ಹರಿವನ್ನು ತಿಳಿಯಲು ಬಕೆಟ್ಟು ಮತ್ತು ಗಡಿಯಾರ ಸಾಕು. 15 ಲೀಟರಿನ ಬಕೆಟ್ಟು 75 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 12 ಲೀಟರ್. ವಾಷಿಂಗ್ ಮೆಷಿನ್ನಿನ ಹೊರಪೈಪನ್ನು ಒಂದು ಸಲ ಬಕೆಟ್ಟುಗಳಿಗೆ ಬಿಟ್ಟು ಎಣಿಸಿ. ಫ್ಲಶ್ಶನ್ನು ಅಳೆಯಲು ಅದಕ್ಕೆ ಬರುವ ನೀರನ್ನು ಮುಚ್ಚಿ, ಒಮ್ಮೆ ಫ್ಲಶ್ ಮಾಡಿ, ಚೊಂಬಿನಲ್ಲಿ ಅಳೆದು ಮೊದಲಿನ ಮಟ್ಟಕ್ಕೆ ತುಂಬಿ. ಹಳೆಯ ಟ್ಯಾಂಕುಗಳು ಒಂದು ಸಲಕ್ಕೆ 10 ಲೀಟರಿಗೂ ಹೆಚ್ಚು ಸುರಿಯುತ್ತವೆ, ಎರಡು ಗುಂಡಿಯ ಹೊಸವು 3 ಮತ್ತು 6 ಲೀಟರಿನಲ್ಲಿ ಕೆಲಸ ಮುಗಿಸುತ್ತವೆ.

ಎಲ್ಲ ಸಾಲುಗಳ ಮೊತ್ತ ಮೊದಲ ಹಾಳೆಯ ಬಳಕೆಗೆ ಹತ್ತಿರ ಬರಬೇಕು. ಬಾರದೆ ದೊಡ್ಡ ಅಂತರ ಉಳಿದರೆ ಒಂದೋ ಸೋರಿಕೆ ಇನ್ನೂ ಇದೆ, ಇಲ್ಲವೇ ಯಾವುದೋ ಬಳಕೆ ಪಟ್ಟಿಗೆ ಬಂದಿಲ್ಲ. ನಮ್ಮಲ್ಲಿ ತಪ್ಪಿಹೋಗಿದ್ದು ಟ್ಯಾಂಕು ತುಂಬಿ ಹೊರಚೆಲ್ಲುವ ನೀರು ಮತ್ತು ಗೀಸರಿನ ಬಿಸಿನೀರು ಬರುವವರೆಗೆ ಬಚ್ಚಲಿಗೆ ಹರಿಯುವ ತಣ್ಣೀರು. ಎರಡನೆಯದನ್ನು ಅಳೆದಾಗ ಪ್ರತಿ ಸ್ನಾನಕ್ಕೆ ನಾಲ್ಕು ಲೀಟರ್ ಎಂದು ಗೊತ್ತಾಯಿತು. ಈಗ ಅದನ್ನು ಒಂದು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುತ್ತೇವೆ. ಹೊರಚೆಲ್ಲುವುದಕ್ಕೆ, ನೀರು ತುಂಬಿದೊಡನೆ ಮೋಟಾರನ್ನು ತಾನೇ ನಿಲ್ಲಿಸುವ ಸಾಧನವೇ ಪರಿಹಾರ.

ಇಳಿಸುವ ಕ್ರಮ

ಎರಡನೆಯ ಹಾಳೆಯನ್ನು ಲೀಟರಿನ ಇಳಿಕೆ ಕ್ರಮದಲ್ಲಿ ಜೋಡಿಸಿ ಮೇಲಿನಿಂದ ಕೆಳಗೆ ಬನ್ನಿ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನಡಿ ಹತ್ತು ನಿಮಿಷ ನಿಂತರೆ 100 ಲೀಟರ್. ಒಂದು ಬಕೆಟ್ಟು, ಒಂದು ಚೊಂಬು ಹಿಡಿದ ನಮ್ಮ ಹಳೆಯ ಸ್ನಾನಕ್ಕೆ 20ರಿಂದ 30. ಹಳೆಯ ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬಿ ಮುಚ್ಚಳ ಬಿಗಿದ ಒಂದು ಲೀಟರಿನ ಬಾಟಲಿಯನ್ನು ಇಟ್ಟರೆ ಪ್ರತಿ ಸಲವೂ ಒಂದು ಲೀಟರ್ ಉಳಿಯುತ್ತದೆ. ಇಟ್ಟಿಗೆ ಇಡುವವರಿದ್ದಾರೆ, ಅದು ನೀರಿನಲ್ಲಿ ಉದುರಿ ರಬ್ಬರ್ ಬಿಲ್ಲೆಯನ್ನು ಕೆಡಿಸುವುದರಿಂದ ಬೇಡ.

ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಲು ನಲ್ಲಿಯ ಬಾಯಿಗೆ ಸಿಕ್ಕಿಸುವ ಸಣ್ಣ ಜಾಲರಿಯ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅದು ಹರಿವನ್ನು ಇಳಿಸುತ್ತದೆ, ಆದ್ದರಿಂದ ಕೈ ತೊಳೆಯುವ, ಪಾತ್ರೆ ಉಜ್ಜುವ ನಲ್ಲಿಗಳಲ್ಲಿ ನಿಜವಾಗಿಯೂ ನೀರು ಉಳಿಯುತ್ತದೆ. ಬಕೆಟ್ಟು ತುಂಬಿಸುವ ನಲ್ಲಿಗೆ ಹಾಕಿದರೆ ಬಕೆಟ್ಟು ನಿಧಾನವಾಗಿ ತುಂಬುತ್ತದೆಯೇ ಹೊರತು ಒಂದು ಹನಿಯೂ ಉಳಿಯುವುದಿಲ್ಲ. ಟ್ಯಾಂಕಿನ ನೇರ ಕೆಳಗಿನ ಮಹಡಿಯಲ್ಲಿ ಒತ್ತಡ ಮೊದಲೇ ಕಡಿಮೆ ಇರುವುದರಿಂದ ಅಲ್ಲಿಗೆ ಕಡಿಮೆ ಒತ್ತಡಕ್ಕೆಂದೇ ಮಾಡಿದ್ದನ್ನು ಕೊಳ್ಳಬೇಕು.

ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರನ್ನು ಹೊರಹಾಕುವುದು ಸಾಮಾನ್ಯ. ನಿಮ್ಮದನ್ನು ಅಳೆದು ಬರೆಯಿರಿ, ಆ ನೀರನ್ನು ಕ್ಯಾನಿನಲ್ಲಿ ಹಿಡಿದು ಶೌಚಾಲಯಕ್ಕೋ ನೆಲಕ್ಕೋ ಬಳಸಿ. ಲವಣಾಂಶ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಅದನ್ನೇ ದಿನವೂ ಹಾಕುವುದು ಒಳ್ಳೆಯದಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಎರಡು ವಾರ ಕಾಯಿರಿ. ಏರೇಟರ್, ಬಾಟಲಿ, ಬಕೆಟ್ ಸ್ನಾನ ಮೂರನ್ನೂ ಒಂದೇ ಭಾನುವಾರ ಶುರುಮಾಡಿದರೆ ಯಾವುದರಿಂದ ಎಷ್ಟು ಇಳಿಯಿತು ಎಂಬುದು ಎಂದೂ ತಿಳಿಯುವುದಿಲ್ಲ. ಎಚ್ ಕಾಲಮ್ಮನ್ನು ಗೆರೆಯ ನಕ್ಷೆಯಾಗಿ ಮಾಡಿ, ಬದಲಾವಣೆ ಮಾಡಿದ ದಿನವನ್ನು ಟಿಪ್ಪಣಿಯಲ್ಲಿ ಬರೆದರೆ ನಕ್ಷೆಯ ಇಳಿತ ತಾನಾಗಿ ಕಾಣುತ್ತದೆ.

ಬಿಲ್ಲಿನ ಲೆಕ್ಕಕ್ಕೆ ಒಂದು ಮೂಲೆ ಸಾಕು. ಬೆಂಗಳೂರಿನ ಗೃಹಬಳಕೆಯ ದರ ತಿಂಗಳಿಗೆ 8, 25 ಮತ್ತು 50 ಕಿಲೋಲೀಟರಿನ ಗಡಿಗಳಲ್ಲಿ ಏರುತ್ತದೆ. 2025ರ ಏಪ್ರಿಲಿನಲ್ಲಿ ದರ ಪರಿಷ್ಕರಣೆಯಾಗಿರುವುದರಿಂದ ಹಳೆಯ 7, 11, 26, 45 ರೂಪಾಯಿಗಳನ್ನು ಎಲ್ಲಿಂದಲೋ ನಕಲಿಸದೆ ನಿಮ್ಮ ಇತ್ತೀಚಿನ ಬಿಲ್ಲಿನಲ್ಲಿರುವ ದರವನ್ನೇ ಹಾಕಿ. ನಾಲ್ಕು ಜನ ತಲಾ 135 ಲೀಟರಿನಂತೆ ಬಳಸಿದರೆ ತಿಂಗಳಿಗೆ 16.2 ಕಿಲೋಲೀಟರ್. ರೂಪಾಯಿಯಲ್ಲಿ ಸಿಗುವ ಉಳಿತಾಯ ದೊಡ್ಡದಲ್ಲ ಎಂಬುದು ಆಗ ಗೊತ್ತಾಗುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಮನೆಗಳಿಗೆ ಮಾತ್ರ ಅದು ದೊಡ್ಡ ಮೊತ್ತ.

ಟಿಪ್ಪಣಿಯ ಕಾಲಮ್ಮನ್ನು ಖಾಲಿ ಬಿಡಬೇಡಿ. ಊರಿನಿಂದ ನೆಂಟರು ಬಂದರೆ ಎಫ್ ಕಾಲಮ್ಮಿನ ಜನಸಂಖ್ಯೆಯನ್ನು ಬದಲಿಸಿ, ಅರ್ಧ ವಾರ ಇದ್ದರೆ ಅರ್ಧ ಎಂದೇ ಬರೆಯಿರಿ. ಸಂಪು ತೊಳೆಸಿದ ದಿನ, ಮನೆಗೆ ಬಣ್ಣ ಹೊಡೆಸಿದ ವಾರ, ಎಲ್ಲರೂ ಊರಿಗೆ ಹೋದ ರಜೆ, ಎಲ್ಲವೂ ಅಲ್ಲಿರಲಿ. ನಮ್ಮ ಹಾಳೆಯಲ್ಲಿ ದೀಪಾವಳಿಯ ವಾರ ಗೆರೆ ಎದ್ದು ನಿಲ್ಲುತ್ತದೆ, ಎದುರಿಗೆ ‘ನೀರು ತುಂಬುವ ಹಬ್ಬ, ಎಣ್ಣೆಸ್ನಾನ’ ಎಂದು ನನ್ನ ತಾಯಿಯ ಮಾತಿನಲ್ಲೇ ಬರೆದಿದೆ. ಆ ಒಂದು ವಾರದ ಅಂಕಿಯನ್ನು ಇಳಿಸುವ ಪ್ರಯತ್ನವನ್ನು ನಾವು ಮಾಡುವುದಿಲ್ಲ. ಅದಕ್ಕೆ ಬೇಕಾದ ನೀರು ಅತಿಥಿಗಳ ಕೋಣೆಯ ಆ ರಬ್ಬರ್ ಬಿಲ್ಲೆಯಿಂದ ಆಗಲೇ ಉಳಿದಿದೆ.